ಡೆಲಿಂಜರ್, ಬಿಲ್
1934-2025. ಅಮೆರಿಕದ ದೂರ ಓಟಗಾರ, ಅಥ್ಲೆಟಿಕ್ಸ್ ತರಬೇತುದಾರ. ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್‌ನಲ್ಲಿ ಜನಿಸಿದ. ಯೂಜೀನ್‌ನ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಬಿಲ್ ಬೋವರ್‌ಮನ್ ಈತನಿಗೆ ಗುರು. 1956, 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ 5000 ಮೀ. ಓಟದಲ್ಲಿ ಸ್ಪರ್ಧಿಸಿ, ಕೊನೆಯದರಲ್ಲಿ (ಟೋಕಿಯೊ) ಕಂಚಿನ ಪದಕ ಪಡೆದ.

1960ರ ದಶಕದ ಕೊನೆಯಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಬೋವರ್‌ಮನ್‌ಗೆ ಸಹಾಯಕ ತರಬೇತುದಾರನಾದ. ದೂರ ಓಟಗಾರರ ದೈನಂದಿನ ಅಭ್ಯಾಸದ ಹೊಣೆ ಈತನದಾಗಿತ್ತು; ಸ್ಟೀವ್ ಪ್ರಿಫಾಂಟೇನ್ ಪಳಗಿದ್ದು ಈತನ ಕೈಯಲ್ಲೇ. 1973ರಲ್ಲಿ ಬೋವರ್‌ಮನ್‌ನ ಉತ್ತರಾಧಿಕಾರಿಯಾಗಿ ಮುಖ್ಯ ತರಬೇತುದಾರನಾದ. ಆಲ್ಬರ್ಟೊ ಸಲಜಾರ್ ಈತನ ಮತ್ತೊಬ್ಬ ಪ್ರಸಿದ್ಧ ಶಿಷ್ಯ. ಈತನ ತರಬೇತಿಯಲ್ಲಿ ಒರೆಗಾನ್ ಪುರುಷರ ತಂಡ 1971, 1973, 1974 ಮತ್ತು 1977ರಲ್ಲಿ ಗುಡ್ಡಗಾಡು ಓಟದ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನೂ 1984ರಲ್ಲಿ ಅಥ್ಲೆಟಿಕ್ಸ್ ಪ್ರಶಸ್ತಿಯನ್ನೂ ಗೆದ್ದಿತು. 1998ರಲ್ಲಿ ನಿವೃತ್ತನಾದ.