ಒಣಗುವ ಕೆಮ್ಮಣ್ಣಿನಲ್ಲಿ ಅವರೆಯ ಬೇರುಗಂಟು: ಬೆಂಗಳೂರು ಉತ್ತರದ ಸಂದರ್ಭ

ಯಲಹಂಕ, ಹೆಬ್ಬಾಳದ ಸುತ್ತ ಉಳಿದಿರುವ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುವ ನಾಟಿ ಅವರೆ ಹಗಲು ಮೊಟಕಾದ ಮೇಲೆಯೇ ಹೂ ಬಿಡುತ್ತದೆ. ಮಳೆ ಹಿಂದೆ ಸರಿದು ಕೆಮ್ಮಣ್ಣು ಒಣಗುತ್ತಿರುವಾಗ ಕಾಯಿ ಕಟ್ಟುತ್ತದೆ. ಈ ಬೆಳೆಯ ಪಂಚಾಂಗದಲ್ಲೇ ನೀರಿನ ಕೊರತೆ ಸೇರಿಕೊಂಡಿದೆ. ಆ ಹೊತ್ತಿನಲ್ಲಿ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಾ ಬ್ಯಾಕ್ಟೀರಿಯಾಗಳು ಎಷ್ಟರ ಮಟ್ಟಿಗೆ ನೆರವಾಗಬಲ್ಲವು?

ಗಿಡವನ್ನು ಹೆಂಟೆಸಮೇತ ಅಗೆದು, ಮಣ್ಣು ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್, ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಾಗದಂತೆ ಕಾಯುತ್ತಲೇ ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಬೇಕಾದಷ್ಟನ್ನು ಒದಗಿಸುತ್ತದೆ. ಬಾಡಿದ ಗಿಡದ ಗಂಟು ಹಸಿರಾಗಿ, ಕಂದಾಗಿ, ಕೊನೆಗೆ ಪೊಳ್ಳಾಗುತ್ತದೆ. ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ಕನಿಷ್ಠ 16 ಬೇಕು. ಅದಕ್ಕೆ ಬೇಕಾದ ಸಕ್ಕರೆ ಎಲೆಯಿಂದಲೇ ಇಳಿಯಬೇಕು. ತೇವ ಕಡಿಮೆಯಾದಾಗ ಗಂಟಿನಲ್ಲಿ ಸುಕ್ರೋಸ್ ಒಡೆಯುವ ಕಿಣ್ವ ಮಂದವಾಗುತ್ತದೆ, ಆಮ್ಲಜನಕದ ದಾರಿ ಬಿಗಿಯುತ್ತದೆ. ಸಿಂಕ್ಲೇರ್ ಮತ್ತು ಸೆರ್ರಾಜ್ 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಸಾರಜನಕವನ್ನು ಯೂರೈಡ್ ರೂಪದಲ್ಲಿ ಸಾಗಿಸುವ ಸೋಯಾ, ಅಲಸಂದೆಗಳಲ್ಲಿ ಸ್ಥಿರೀಕರಣ ಬೇಗ ಕುಸಿಯುತ್ತದೆ. ನೆಲಗಡಲೆಯಂಥವು ಹೆಚ್ಚು ತಾಳುತ್ತವೆ. ಅವರೆಯೂ ಯೂರೈಡ್ ಗುಂಪಿನದೇ. ಜೀವಾಣು ಗೊಬ್ಬರ ಹಾಕಿದರೆ ಬರದ ಭಯವಿಲ್ಲ ಎಂಬ ಮಾತನ್ನು ಹಾಗಾಗಿ ಇದ್ದಂತೆ ಒಪ್ಪಲಾಗದು.

ನೆರವು ಸಿಗುವುದು ಬಹುಪಾಲು ಬರಕ್ಕೆ ಮುಂಚೆ. ತೇವವಿದ್ದಾಗ ಗಂಟುಗಳು ಕೂಡಿಟ್ಟ ಸಾರಜನಕ ಎಲೆಯಲ್ಲಿದ್ದು, ಮುಂದೆ ಕಾಳಿಗೆ ಇಳಿಯುತ್ತದೆ. ಇನ್ನೊಂದು ದಾರಿ ಬ್ಯಾಕ್ಟೀರಿಯಾದ ತಾಳಿಕೆಯದು. ಟ್ರೆಹಲೋಸ್ ಎಂಬ ಸಕ್ಕರೆ ಒಣಗುವ ಜೀವಕೋಶದ ಪೊರೆಯನ್ನು ಕಾಪಾಡುತ್ತದೆ. ಇದನ್ನು ಹೆಚ್ಚಾಗಿ ತಯಾರಿಸುವಂತೆ ಮಾರ್ಪಡಿಸಿದ ರೈಜೋಬಿಯಂ ಎಟ್ಲಿ ಹಚ್ಚಿದ ಹುರುಳಿಕಾಯಿ ಗಿಡಗಳು ಬರವನ್ನು ಹೆಚ್ಚು ಚೆನ್ನಾಗಿ ತಾಳಿದವು ಎಂಬ ವರದಿ 2008ರಲ್ಲಿ ಬಂತು. ಕುಂಡದ ಫಲಿತಾಂಶವನ್ನು ಹೊಲಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ, ಆದರೂ ಯಾವ ಗುಣ ಹುಡುಕಬೇಕೆಂಬುದಕ್ಕೆ ಸುಳಿವಿದೆ.

ಹೆಬ್ಬಾಳದಲ್ಲಿ ರೂಪುಗೊಂಡ ಎಚ್‌ಎ-3, ಎಚ್‌ಎ-4 ತಳಿಗಳು ಹಗಲಿನ ಅಳತೆಗೆ ಕಾಯುವುದಿಲ್ಲ; ಮಳೆಯಿರುವಾಗಲೇ ಹೂವಿಗೆ ಬಂದು ಬರವನ್ನು ತಪ್ಪಿಸಿಕೊಳ್ಳಬಲ್ಲವು. ಆದರೆ ಸೊಗಡಿನ ಅವರೆಗೆ ಪೇಟೆಯಲ್ಲಿರುವ ಮರ್ಯಾದೆಯೇ ಬೇರೆ, ನಾಟಿ ತಳಿಯನ್ನು ರೈತ ಸುಲಭವಾಗಿ ಬಿಡಲಾರ. ಆ ತಳಿಗೆ ಬ್ಯಾಕ್ಟೀರಿಯಾ ಆರಿಸುವಾಗ ಹದವಾದ ತೇವದಲ್ಲಿ ಎಷ್ಟು ಗಂಟು ಕಟ್ಟಿತೆಂದು ಎಣಿಸಿದರೆ ಸಾಲದು. ಬೆಲ್ಲದ ಪಾಕದಲ್ಲಿ ಬೀಜಕ್ಕೆ ಅಂಟಿ, ನೆರಳಲ್ಲಿ ಆರಿ, ಬಿಸಿಯೇರಿದ ಮಣ್ಣಿನಲ್ಲೂ ಜೀವ ಹಿಡಿದವು ಎಷ್ಟು, ಡಿಸೆಂಬರಿನಲ್ಲಿ ಅಗೆದ ಗಂಟುಗಳಲ್ಲಿ ಕೆಂಪು ಉಳಿದವು ಎಷ್ಟು ಎಂಬ ಎರಡು ಲೆಕ್ಕಗಳು ಆಯ್ಕೆಯ ಪಟ್ಟಿಯಲ್ಲಿ ಮೊದಲು ಬರಬೇಕು.