ಹೊರುವವಳು ಎತ್ತಿದಾಗ

ನಾನು ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಯಲ್ಲಿ ಗುಂಡು ಎತ್ತುವ ಸ್ಪರ್ಧೆ ಇರುತ್ತಿತ್ತು. ದುಂಡುಕಲ್ಲನ್ನು ಮೊಣಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿದವನಿಗೆ ಶಿಳ್ಳೆ, ಹಾರ, ಒಂದು ಬೆಳ್ಳಿ ಕಡಗ. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ಅಂದು ಬೆಳಿಗ್ಗೆಯೇ ನೀರಿನ ಕೊಡಗಳನ್ನೋ ಸೌದೆಯ ಹೊರೆಯನ್ನೋ ಹೊತ್ತು ತಂದವರು. ಅದಕ್ಕೆ ಯಾರೂ ಶಿಳ್ಳೆ ಹಾಕಿರಲಿಲ್ಲ. ನಮ್ಮ ಮಾತಿನಲ್ಲಿ ಗಂಡಸು ಭಾರ ‘ಎತ್ತುತ್ತಾನೆ’, ಹೆಂಗಸು ಭಾರ ‘ಹೊರುತ್ತಾಳೆ’. ಎತ್ತುವುದು ಒಂದು ಗಳಿಗೆಯ ಸಾಹಸ, ಹೊರುವುದು ದಿನನಿತ್ಯದ ಕೆಲಸ. ಕರ್ಣಂ ಮಲ್ಲೇಶ್ವರಿಯವರ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಈ ಎರಡು ಕ್ರಿಯಾಪದಗಳು.

ಮಲ್ಲೇಶ್ವರಿ ಎಂದರೆ ನಮ್ಮ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಒಂದೇ ಸಾಲು: ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ, ಸಿಡ್ನಿ, 2000, ಕಂಚು. ಪರೀಕ್ಷೆಗೆ ಓದುವ ಹುಡುಗರು ಅದನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಮುಂದೆ ಹೋದವನು. ಬಹಳ ವರ್ಷಗಳ ನಂತರ ಅವರ ಪದಕಗಳ ಪಟ್ಟಿಯನ್ನು ಇಸವಿಗಳ ಜೊತೆ ಇಟ್ಟು ನೋಡಿದಾಗ, ಆ ಒಂದು ಸಾಲು ಎಷ್ಟನ್ನು ಮುಚ್ಚಿಟ್ಟಿದೆ ಎಂಬುದು ತಿಳಿಯಿತು.

ಅವರು ಬೆಳೆದದ್ದು ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ, ಆಮದಾಲವಲಸದ ಬಳಿಯ ಒಂದು ಪುಟ್ಟ ಹಳ್ಳಿಯಲ್ಲಿ. ತಂದೆ ರೈಲ್ವೆಯಲ್ಲಿ ಕಾನ್‌ಸ್ಟೆಬಲ್. ಮನೆತುಂಬ ಹೆಣ್ಣುಮಕ್ಕಳು. ನೀಲಂಶೆಟ್ಟಿ ಅಪ್ಪನ್ನ ಎಂಬ ತರಬೇತುದಾರರು ಅಲ್ಲಿ ಒಂದು ಸಾದಾ ವ್ಯಾಯಾಮಶಾಲೆ ನಡೆಸುತ್ತಿದ್ದರು. ಹನ್ನೆರಡರ ಮಲ್ಲೇಶ್ವರಿ ತಾನೂ ಸೇರುತ್ತೇನೆ ಎಂದಾಗ, ಈ ಬಡಕಲು ಮೈಗೆ ಇದು ಒಗ್ಗುವುದಿಲ್ಲ ಎಂಬ ಉತ್ತರ ಬಂತು. ಬಿಡದೆ ಬೆನ್ನಿಗೆ ನಿಂತವರು ತಾಯಿ. ಮುಂದೆ ಅಕ್ಕ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದಾಗ ತಂಗಿಯೂ ಜೊತೆಗೆ ಹೋದಳು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನ ಗೆದ್ದವರೂ 1988ರಲ್ಲಿ 266 ಕಿಲೋ ಎತ್ತಿ ಜಗತ್ತನ್ನು ಬೆರಗುಗೊಳಿಸಿದವರೂ ಆದ ಲಿಯೊನಿಡ್ ತರಾನೆಂಕೊ ಅವರ ಕಣ್ಣು ಆಕೆಯ ಮೇಲೆ ಬಿತ್ತು. ಬೆಂಗಳೂರಿನ ಕ್ರೀಡಾ ಸಂಸ್ಥೆಯ ದಾರಿಯೂ ತೆರೆಯಿತು.

ಇನ್ನು ಇಸವಿಗಳ ಲೆಕ್ಕ. ಗಂಡಸರ ಭಾರ ಎತ್ತುವಿಕೆ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದೇ 1987ರಲ್ಲಿ, ಅಮೆರಿಕದ ಡೇಟೋನಾ ಬೀಚ್‌ನಲ್ಲಿ. ಎರಡೇ ವರ್ಷದಲ್ಲಿ, 1989ರ ಮ್ಯಾಂಚೆಸ್ಟರ್ ಕೂಟದಲ್ಲಿ, ಮಣಿಪುರದ ಕುಂಜರಾಣಿ ದೇವಿ ಮೂರು ಬೆಳ್ಳಿ ಗೆದ್ದು ಭಾರತದ ಹೆಣ್ಣುಮಕ್ಕಳಿಗೆ ಹಾದಿ ಮಾಡಿದ್ದರು. ಆ ಹಾದಿಯಲ್ಲಿ ಬಂದ ಮಲ್ಲೇಶ್ವರಿ 54 ಕಿಲೋ ವಿಭಾಗದಲ್ಲಿ 1993ರಲ್ಲಿ ಕಂಚು ಗೆದ್ದರು. 1994ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 1995ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ, ಈ ಕ್ರೀಡೆಯ ಎತ್ತಿದ ಕೈಗಳ ನಾಡಿನಲ್ಲೇ, ಮತ್ತೆ ವಿಶ್ವ ಚಾಂಪಿಯನ್. 1996ರಲ್ಲಿ ಮತ್ತೊಂದು ಕಂಚು.

ಆ 1996 ಅಟ್ಲಾಂಟಾ ಒಲಿಂಪಿಕ್ಸ್‌ನ ವರ್ಷ. ಎರಡು ಸಲದ ವಿಶ್ವ ಚಾಂಪಿಯನ್‌ಗೆ, ಇಪ್ಪತ್ತೊಂದರ ಪ್ರಾಯದಲ್ಲಿ, ಅಲ್ಲಿ ಜಾಗವಿರಲಿಲ್ಲ. ಆಕೆ ಅರ್ಹತೆ ಪಡೆಯಲಿಲ್ಲ ಎಂದಲ್ಲ, ಆಕೆಯ ಕ್ರೀಡೆಯೇ ಅಲ್ಲಿರಲಿಲ್ಲ. ಗಂಡಸರಿಗೆ ಬಾಗಿಲು ತೆರೆದ 104 ವರ್ಷಗಳ ನಂತರ, 2000ದಲ್ಲಿ, ಹೆಂಗಸರಿಗೆ ತೆರೆಯಿತು. ಅಷ್ಟರಲ್ಲಿ 1998ರ ಹೊಸ ವಿಂಗಡಣೆಯಲ್ಲಿ 54 ಕಿಲೋ ಎಂಬ ವಿಭಾಗವೇ ಅಳಿಸಿಹೋಗಿತ್ತು. ಮಲ್ಲೇಶ್ವರಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 63 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದು, ಸಿಡ್ನಿಗೆ 69 ಕಿಲೋ ವಿಭಾಗಕ್ಕೆ ಏರಿ ಹೋದರು. ಮೈ ದಪ್ಪವಾಗಿದೆ, ಕಾಲ ಮುಗಿದಿದೆ ಎಂದು ಪತ್ರಿಕೆಗಳು ಬರೆದವು. ಬಡಕಲು ಎಂದು ಒಮ್ಮೆ ಬೇಡವಾಗಿದ್ದ ಮೈ ಈಗ ದಪ್ಪವೆಂದು ಬೇಡವಾಗಿತ್ತು.

ಸೆಪ್ಟೆಂಬರ್ 19ರಂದು ಸ್ನ್ಯಾಚ್‌ನಲ್ಲಿ 110 ಕಿಲೋ, ಕ್ಲೀನ್ ಅಂಡ್ ಜರ್ಕ್‌ನಲ್ಲಿ 130 ಕಿಲೋ. ಒಟ್ಟು 240. ಚೀನಾದ ಲಿನ್ ವೈನಿಂಗ್ ಮತ್ತು ಹಂಗೇರಿಯ ಎರ್ಷೆಬೆತ್ ಮಾರ್ಕುಶ್ ಇಬ್ಬರದೂ 242.5. ಸಮನಾದಾಗ ಯಾರ ಮೈತೂಕ ಕಡಿಮೆಯೋ ಅವರು ಮೇಲೆ ಎಂಬ ನಿಯಮದಂತೆ ಚಿನ್ನ ಲಿನ್ ಅವರದಾಯಿತು. ಮಲ್ಲೇಶ್ವರಿಗೆ ಒಂದು ಯತ್ನ ಉಳಿದಿತ್ತು. ಆಗ ಭಾರವನ್ನು ಎರಡೂವರೆ ಕಿಲೋದ ಮೆಟ್ಟಿಲುಗಳಲ್ಲಿ ಏರಿಸುತ್ತಿದ್ದರು. ಒಂದು ಮೆಟ್ಟಿಲು ಏರಿದ್ದರೆ ಅವರೂ 242.5ಕ್ಕೆ ಬಂದು ಮೈತೂಕದ ಲೆಕ್ಕಕ್ಕೆ ಸೇರುತ್ತಿದ್ದರು. ಆದರೆ ಬಾರ್‌ಗೆ ಹಾಕಿಸಿದ್ದು 137.5, ಅಂದರೆ ಒಂದೇ ಸಲಕ್ಕೆ ಮೂರು ಮೆಟ್ಟಿಲು. ಎತ್ತಿದ್ದರೆ ಯಾವ ತಕರಾರೂ ಇಲ್ಲದ ಚಿನ್ನ. ಆ ಭಾರ ಮೇಲೆ ನಿಲ್ಲಲಿಲ್ಲ.

ಸಿಡ್ನಿಯಿಂದ ಭಾರತಕ್ಕೆ ಬಂದದ್ದು ಆ ಒಂದೇ ಪದಕ. ಸ್ವತಂತ್ರ ಭಾರತದಲ್ಲಿ ಅಲ್ಲಿವರೆಗೆ ವೈಯಕ್ತಿಕ ಪದಕ ತಂದವರು ಇಬ್ಬರೇ: 1952ರಲ್ಲಿ ಕುಸ್ತಿಪಟು ಖಾಶಾಬಾ ಜಾಧವ್, 1996ರಲ್ಲಿ ಟೆನಿಸ್‌ನ ಲಿಯಾಂಡರ್ ಪೇಸ್. ಆದರೂ ಆ 137.5ರ ಲೆಕ್ಕ ತಪ್ಪಾಯಿತೇ ಎಂಬ ಚರ್ಚೆ ಉಳಿಯಿತು. ನನಗೂ ಮೊದಲು ಆ ಏಳೂವರೆ ಕಿಲೋದ್ದೇ ಕೊರಗಿತ್ತು. ಇಸವಿಗಳನ್ನು ಜೋಡಿಸಿದ ಮೇಲೆ ಬೇರೆ ಅನ್ನಿಸುತ್ತದೆ. ಕೈತಪ್ಪಿದ ಚಿನ್ನವನ್ನು ಸಿಡ್ನಿಯ ಆ ಕೊನೆಯ ನಿಮಿಷದಲ್ಲಿ ಹುಡುಕುವುದಕ್ಕಿಂತ, ಹೆಂಗಸರ ಬಾರ್ ಇಲ್ಲದ ಅಟ್ಲಾಂಟಾದ ವೇದಿಕೆಯಲ್ಲಿ ಹುಡುಕಬೇಕು. ಸೋತ ಯತ್ನಕ್ಕೆ ದಾಖಲೆಯಿದೆ, ಒಂದು ಅಂಕಿಯಿದೆ. ಸಿಗದೇ ಹೋದ ಅವಕಾಶಕ್ಕೆ ಅಂಕಿಯಿಲ್ಲ. ಆದ್ದರಿಂದಲೇ ನಾವು ಮೊದಲನೆಯದನ್ನು ಮಾತ್ರ ಚರ್ಚಿಸುತ್ತೇವೆ.

ಮುಂದಿನದನ್ನು ಬೇಗ ಹೇಳಬಹುದು. ಮಗನ ಹುಟ್ಟು, ತಂದೆಯ ಸಾವು, ಬೆನ್ನುನೋವು. 2004ರ ಅಥೆನ್ಸ್‌ನಲ್ಲಿ ಸ್ಪರ್ಧೆ ಮುಗಿಸಲಾಗಲಿಲ್ಲ, ಅಲ್ಲಿಗೆ ನಿವೃತ್ತಿ. ಭಾರತದ ಮತ್ತೊಬ್ಬ ಮಹಿಳೆ ಒಲಿಂಪಿಕ್ಸ್‌ನ ವೈಯಕ್ತಿಕ ಪದಕ ಗೆಲ್ಲಲು 2012ರ ಲಂಡನ್‌ವರೆಗೆ, ಭಾರ ಎತ್ತುವಿಕೆಯಲ್ಲೇ ಮತ್ತೊಂದು ಪದಕ ಬರಲು 2021ರಲ್ಲಿ ನಡೆದ ಟೋಕಿಯೊ ಕೂಟದವರೆಗೆ ಕಾಯಬೇಕಾಯಿತು. ಅಲ್ಲಿ ಬೆಳ್ಳಿ ಗೆದ್ದವರು ಮೀರಾಬಾಯಿ ಚಾನು, ಕುಂಜರಾಣಿಯವರ ಮಣಿಪುರದವರೇ. ಅದೇ ವರ್ಷ ಮಲ್ಲೇಶ್ವರಿ ದಿಲ್ಲಿ ಕ್ರೀಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಮೊನ್ನೆ ಊರಿಗೆ ಹೋದಾಗ ಆ ಗುಂಡುಕಲ್ಲು ದೇವಸ್ಥಾನದ ಗೋಡೆಯ ಬದಿಗೆ ಬಿದ್ದಿತ್ತು. ಅದನ್ನು ಎತ್ತಲು ಹುಡುಗಿಯರಿಗೆ ಯಾರೂ ‘ಬೇಡ’ ಎಂದದ್ದು ನನಗೆ ನೆನಪಿಲ್ಲ. ‘ಬಾ’ ಎಂದದ್ದೂ ನೆನಪಿಲ್ಲ.