ನರಜಾಲಗಳ ಸಮಸ್ಥಿತಿ

ನರಜಾಲಗಳ ಸಮಸ್ಥಿತಿ ಎಂದರೆ ಪ್ರಾಣಿಯ ದೇಹವು ಬೆಳೆಯುತ್ತಿದ್ದರೂ, ನರಕೋಶಗಳೊಳಗಿನ ಪ್ರೋಟೀನುಗಳು ಸತತವಾಗಿ ಬದಲಾಗುತ್ತಿದ್ದರೂ, ನರಕೋಶಗಳ ಜಾಲಗಳು ತಮ್ಮ ಚಟುವಟಿಕೆಯನ್ನು ಒಂದು ಮಿತಿಯೊಳಗೆ ಸ್ಥಿರವಾಗಿ ಉಳಿಸಿಕೊಳ್ಳುವ ಪ್ರಕ್ರಿಯೆ. ಉಸಿರಾಟ, ನಡಿಗೆ, ಅಗಿಯುವಿಕೆ, ಈಜು ಮೊದಲಾದ ಲಯಬದ್ಧ ಕ್ರಿಯೆಗಳು ಹುಟ್ಟಿನಿಂದ ಮುಪ್ಪಿನವರೆಗೆ ನಡೆದುಕೊಂಡು ಹೋಗಲು ಈ ಪ್ರಕ್ರಿಯೆ ಅವಶ್ಯಕ. ಇಲ್ಲಿ ಸ್ಥಿರವಾಗಿ ಉಳಿಯುವುದು ಜಾಲದ ಬಿಡಿ ಭಾಗಗಳಲ್ಲ, ಅವೆಲ್ಲ ಕೂಡಿ ನೀಡುವ ಫಲ ಎಂಬುದು ಈ ಕ್ಷೇತ್ರದ ಮುಖ್ಯ ತಿಳಿವಳಿಕೆಯಾಗಿದೆ. ಬೆಂಗಳೂರಿನ ಹಲವು ಸಂಶೋಧನಾ ಸಂಸ್ಥೆಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಅಧ್ಯಯನಗಳು ನಡೆದಿವೆ.

ಸಮಸ್ಯೆಯ ಸ್ವರೂಪ

ಈಗಷ್ಟೇ ಹುಟ್ಟಿದ ಆಕಳ ಕರು ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತದೆ. ಮುಂದೆ ಅದರ ಕಾಲುಗಳು ಉದ್ದವಾಗುತ್ತವೆ, ಸ್ನಾಯುಗಳು ದಪ್ಪವಾಗುತ್ತವೆ, ತೂಕ ಅನೇಕ ಪಟ್ಟು ಹೆಚ್ಚುತ್ತದೆ. ಆದರೂ ಬೆಳೆಯುವ ಅವಧಿಯಲ್ಲಿ ಒಂದು ದಿನವೂ ಅದರ ನಡಿಗೆ ನಿಲ್ಲುವುದಿಲ್ಲ. ಯಂತ್ರವನ್ನು ನಿಲ್ಲಿಸಿ ದುರಸ್ತಿ ಮಾಡಬಹುದು. ನರಮಂಡಲವು ಕೆಲಸ ಮಾಡುತ್ತಲೇ ತನ್ನನ್ನು ಸರಿಪಡಿಸಿಕೊಳ್ಳಬೇಕು.

ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಗಾತ್ರಕ್ಕೆ ಸಂಬಂಧಿಸಿದ್ದು. ನರಕೋಶ ದೊಡ್ಡದಾದಂತೆ ಅದರ ಪೊರೆಯ ವಿಸ್ತೀರ್ಣ ಹೆಚ್ಚಿ, ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲಿನಷ್ಟೇ ವಿದ್ಯುತ್ ಪ್ರವಾಹ ಒಳಬಂದರೆ ಪೊರೆಯ ವಿಭವದಲ್ಲಿ ಮೊದಲಿಗಿಂತ ಕಡಿಮೆ ಬದಲಾವಣೆಯಾಗುತ್ತದೆ. ಎಳೆಯ ಪ್ರಾಣಿಯಲ್ಲಿ ಸಾಕಾಗುತ್ತಿದ್ದ ಸಂಕೇತವು ಬೆಳೆದ ಪ್ರಾಣಿಯಲ್ಲಿ ಸಾಲದೆ ಹೋಗುತ್ತದೆ. ಎರಡನೆಯದು ಪ್ರೋಟೀನುಗಳ ಆಯುಸ್ಸಿಗೆ ಸಂಬಂಧಿಸಿದ್ದು. ನರಕೋಶವೊಂದು ಪ್ರಾಣಿಯ ಜೀವಮಾನದುದ್ದಕ್ಕೂ ಉಳಿಯಬಹುದು. ಆದರೆ ಅದರ ವಿದ್ಯುತ್ ಗುಣಗಳನ್ನು ನಿರ್ಧರಿಸುವ ಅಯಾನು ವಾಹಿನಿಗಳು ಗಂಟೆಗಳಿಂದ ವಾರಗಳ ಅವಧಿಯಲ್ಲಿ ನಾಶವಾಗಿ, ಹೊಸವು ಅವುಗಳ ಸ್ಥಾನವನ್ನು ತುಂಬುತ್ತವೆ.

ಇತಿಹಾಸ

ದೇಹದ ಒಳಪರಿಸರವು ಸ್ಥಿರವಾಗಿರುತ್ತದೆ ಎಂಬ ವಿಚಾರವನ್ನು ೧೯ನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಮಂಡಿಸಿದರು. ಇದಕ್ಕೆ 'ಹೋಮಿಯೊಸ್ಟಾಸಿಸ್' ಎಂಬ ಹೆಸರನ್ನು ೧೯೨೦ರ ದಶಕದಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ನೀಡಿದರು. ಕನ್ನಡದ 'ಸಮಸ್ಥಿತಿ' ಇದೇ ಅರ್ಥದ ಪದ.

ನರವಿಜ್ಞಾನದಲ್ಲಿ ಬಹುಕಾಲ ಹೆಚ್ಚಿನ ಗಮನ ದೊರೆತದ್ದು ಬದಲಾವಣೆಗೆ, ಅಂದರೆ ಕಲಿಕೆ ಮತ್ತು ನೆನಪಿಗೆ. ಜೊತೆಯಾಗಿ ಸಕ್ರಿಯವಾಗುವ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ ಎಂದು ೧೯೪೯ರಲ್ಲಿ ಡೊನಾಲ್ಡ್ ಹೆಬ್ ಪ್ರತಿಪಾದಿಸಿದರು. ಈ ನಿಯಮವೊಂದೇ ಇದ್ದರೆ, ಬಲಗೊಂಡ ಸಂಪರ್ಕವು ಚಟುವಟಿಕೆಯನ್ನು ಹೆಚ್ಚಿಸಿ, ಹೆಚ್ಚಿದ ಚಟುವಟಿಕೆಯು ಸಂಪರ್ಕವನ್ನು ಇನ್ನಷ್ಟು ಬಲಗೊಳಿಸಿ, ಜಾಲವು ಹತೋಟಿ ತಪ್ಪುತ್ತದೆ. ಅದನ್ನು ತಡೆಯುವ ವ್ಯವಸ್ಥೆಯ ಹುಡುಕಾಟ ೧೯೯೦ರ ದಶಕದಲ್ಲಿ ತೀವ್ರಗೊಂಡಿತು.

ಕಾರ್ಯವಿಧಾನಗಳು

ಅಯಾನು ವಾಹಿನಿಗಳ ಹೊಂದಾಣಿಕೆ: ನರಕೋಶವು ತನ್ನೊಳಗಿನ ಕ್ಯಾಲ್ಸಿಯಂ ಪ್ರಮಾಣದ ಮೂಲಕ ತನ್ನ ಚಟುವಟಿಕೆಯನ್ನು ಅಳೆದು, ಅದಕ್ಕೆ ತಕ್ಕಂತೆ ವಾಹಿನಿಗಳನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲದು ಎಂಬ ಗಣಿತ ಮಾದರಿಯನ್ನು ೧೯೯೩ರಲ್ಲಿ ಲೆಮಾಸೋನ್, ಈವ್ ಮಾರ್ಡರ್ ಮತ್ತು ಲ್ಯಾರಿ ಅಬಟ್ ಪ್ರಕಟಿಸಿದರು. ಮರುವರ್ಷ ಜೀನಾ ಟುರಿಜಿಯಾನೊ ಮತ್ತು ಸಂಗಡಿಗರು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಕಡಲಜೀವಿಯ ನರಕೋಶಗಳನ್ನು ಜಾಲದಿಂದ ಬಿಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಒಂಟಿಯಾದ ಕೋಶಗಳು ಮೊದಲು ಲಯಬದ್ಧ ಮಿಡಿತವನ್ನು ಕಳೆದುಕೊಂಡರೂ, ಕೆಲವು ದಿನಗಳಲ್ಲಿ ತಮ್ಮ ವಾಹಿನಿಗಳನ್ನು ಬದಲಿಸಿಕೊಂಡು ಅದನ್ನು ಮರಳಿ ಪಡೆದವು.

ಸಿನಾಪ್ಸ್‌ಗಳ ಹೊಂದಾಣಿಕೆ: ಎರಡು ನರಕೋಶಗಳು ಸಂಧಿಸುವ ಸ್ಥಳಕ್ಕೆ ಸಿನಾಪ್ಸ್ ಎನ್ನುತ್ತಾರೆ. ೧೯೯೮ರಲ್ಲಿ ಟುರಿಜಿಯಾನೊ ಮತ್ತು ಸಂಗಡಿಗರು ಇಲಿಯ ಮೆದುಳಿನ ಹೊರಪದರದಿಂದ ಪಡೆದು ಬೆಳೆಸಿದ ನರಕೋಶಗಳ ಚಟುವಟಿಕೆಯನ್ನು ಎರಡು ದಿನ ತಡೆಹಿಡಿದರು. ಆಗ ಒಂದೊಂದು ಕೋಶಕ್ಕೆ ಬರುವ ಉದ್ದೀಪಕ ಸಿನಾಪ್ಸ್‌ಗಳ ಬಲ ಹೆಚ್ಚಿತು. ಚಟುವಟಿಕೆಯನ್ನು ಅತಿಯಾಗಿಸಿದಾಗ ಬಲ ಕುಗ್ಗಿತು. ಈ ಏರಿಳಿತ ಎಲ್ಲ ಸಿನಾಪ್ಸ್‌ಗಳಲ್ಲೂ ಸುಮಾರಾಗಿ ಒಂದೇ ಅನುಪಾತದಲ್ಲಿ ನಡೆಯುತ್ತದೆ. ಆದ್ದರಿಂದ ಬಲವಾದದ್ದು ಬಲವಾಗಿಯೇ, ದುರ್ಬಲವಾದದ್ದು ದುರ್ಬಲವಾಗಿಯೇ ಉಳಿದು, ಕಲಿತದ್ದು ಅಳಿಸಿಹೋಗದೆ ಒಟ್ಟು ಚಟುವಟಿಕೆ ಮಾತ್ರ ಹದಕ್ಕೆ ಬರುತ್ತದೆ.

ನರ ಮತ್ತು ಸ್ನಾಯುವಿನ ಸಂಧಿ: ಹಣ್ಣುನೊಣದ ಮರಿಹುಳುವಿನಲ್ಲಿ ಸ್ನಾಯುವಿನ ಗ್ರಾಹಕಗಳು ದುರ್ಬಲವಾದರೆ, ಅದಕ್ಕೆ ಸಂಕೇತ ನೀಡುವ ನರದ ತುದಿಯು ಹೆಚ್ಚು ನರವಾಹಕವನ್ನು ಬಿಡುಗಡೆ ಮಾಡಿ ಕೊರತೆಯನ್ನು ತುಂಬುತ್ತದೆ. ವಿಷವಸ್ತುವಿನಿಂದ ಗ್ರಾಹಕಗಳನ್ನು ಭಾಗಶಃ ತಡೆದಾಗ ಈ ಪರಿಹಾರ ಸುಮಾರು ೧೦ ನಿಮಿಷಗಳಲ್ಲಿ ದೊರೆಯುತ್ತದೆಂದು ೨೦೦೬ರಲ್ಲಿ ತಿಳಿದುಬಂದಿತು. ಅಂದರೆ ಹೊಂದಾಣಿಕೆಯ ಕೆಲವು ವಿಧಾನಗಳು ನಿಧಾನ, ಕೆಲವು ಶೀಘ್ರ.

ಬೆಳೆಯುವ ಪ್ರಾಣಿಗಳಲ್ಲಿ

ಲಾಬ್‌ಸ್ಟರ್: ಇದರ ಜಠರದ ಚಲನೆಯನ್ನು ಸುಮಾರು ೩೦ ನರಕೋಶಗಳ ಚಿಕ್ಕ ಗಂಟೊಂದು ನಿಯಂತ್ರಿಸುತ್ತದೆ. ಬುಷೆರ್, ಪ್ರಿನ್ಸ್ ಮತ್ತು ಮಾರ್ಡರ್ ೨೦೦೫ರಲ್ಲಿ ಎಳೆಯ ಮತ್ತು ಬೆಳೆದ ಲಾಬ್‌ಸ್ಟರ್‌ಗಳನ್ನು ಹೋಲಿಸಿದರು. ದೇಹದ ಮತ್ತು ನರಕೋಶಗಳ ಗಾತ್ರದಲ್ಲಿ ಅಪಾರ ಅಂತರವಿದ್ದರೂ ಜಠರದ ಲಯದಲ್ಲಿ ಕೋಶಗಳು ಮಿಡಿಯುವ ಅನುಕ್ರಮ ಹಾಗೂ ಸಮಯದ ಹಂಚಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಹಣ್ಣುನೊಣದ ಮರಿಹುಳು: ಮೊಟ್ಟೆಯೊಡೆದು ಬಂದ ಮರಿಹುಳುವಿನ ಸ್ನಾಯುಗಳ ಮೇಲ್ಮೈ ಕೆಲವೇ ದಿನಗಳಲ್ಲಿ ಸುಮಾರು ೧೦೦ ಪಟ್ಟು ಹಿಗ್ಗುತ್ತದೆ. ನೋವಿನ ಸಂವೇದನೆಯನ್ನು ಸಾಗಿಸುವ ಜಾಲವನ್ನು ಮೊದಲ ಹಾಗೂ ಮೂರನೆಯ ಹಂತದ ಮರಿಹುಳುಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ ಅಧ್ಯಯನವೊಂದು ೨೦೧೭ರಲ್ಲಿ ಪ್ರಕಟವಾಯಿತು. ಈ ಅವಧಿಯಲ್ಲಿ ನರಕೋಶಗಳ ಗಾತ್ರ, ಅವುಗಳ ತುದಿ ಕವಲುಗಳ ಸಂಖ್ಯೆ ಮತ್ತು ಅವು ಪಡೆಯುವ ಸಿನಾಪ್ಸ್‌ಗಳ ಸಂಖ್ಯೆ ತಲಾ ಸುಮಾರು ೫ ಪಟ್ಟು ಹೆಚ್ಚಿದ್ದವು. ಆದರೆ ಒಂದು ನರಕೋಶವು ಪಡೆಯುವ ಒಟ್ಟು ಸಂಪರ್ಕಗಳಲ್ಲಿ ಪ್ರತಿಯೊಂದು ಸಹಕೋಶದ ಪಾಲು ಎಷ್ಟಿತ್ತೋ ಅಷ್ಟೇ ಉಳಿದಿತ್ತು. ಸಂಖ್ಯೆ ಬದಲಾಯಿತು, ಪಾಲು ಬದಲಾಗಲಿಲ್ಲ.

ಭಾಗಗಳು ಬೇರೆ, ಫಲ ಒಂದೇ

ಒಂದೇ ಲಯವನ್ನು ಪಡೆಯಲು ಒಂದೇ ಬಗೆಯ ಜಾಲ ಬೇಕೆ ಎಂಬ ಪ್ರಶ್ನೆಗೆ ಪ್ರಿನ್ಸ್, ಬುಷೆರ್ ಮತ್ತು ಮಾರ್ಡರ್ ೨೦೦೪ರಲ್ಲಿ ಗಣಕಯಂತ್ರದ ಮೂಲಕ ಉತ್ತರ ಹುಡುಕಿದರು. ಲಾಬ್‌ಸ್ಟರ್‌ನ ಜಠರಜಾಲದ ಸರಳ ಮಾದರಿಯಲ್ಲಿ ನರಕೋಶಗಳ ಮತ್ತು ಸಿನಾಪ್ಸ್‌ಗಳ ಗುಣಗಳನ್ನು ಬದಲಿಸುತ್ತ ೨ ಕೋಟಿಗೂ ಹೆಚ್ಚು ಜಾಲಗಳನ್ನು ರಚಿಸಿದರು. ಅವುಗಳಲ್ಲಿ ೪ ಲಕ್ಷಕ್ಕೂ ಹೆಚ್ಚು ಜಾಲಗಳು ಸಹಜ ಲಯವನ್ನೇ ಹೋಲುವ ಲಯವನ್ನು ನೀಡಿದವು, ಅವುಗಳ ಒಳರಚನೆಯಲ್ಲಿ ಮಾತ್ರ ಬಹಳ ವ್ಯತ್ಯಾಸವಿತ್ತು. ಒಂದೇ ಊರನ್ನು ಮುಟ್ಟಲು ಹಲವು ದಾರಿಗಳಿರುವಂತೆ ಒಂದೇ ಫಲಕ್ಕೆ ಹಲವು ಹೊಂದಿಕೆಗಳಿವೆ ಎಂಬುದು ಇದರಿಂದ ಸ್ಪಷ್ಟವಾಯಿತು. ಬೆಳೆಯುವ ಪ್ರಾಣಿಗೆ ಇದು ಅನುಕೂಲಕರ. ಪ್ರತಿಯೊಂದು ಭಾಗವನ್ನೂ ನಿಖರವಾಗಿ ಕಾಯ್ದುಕೊಳ್ಳುವ ಹೊರೆ ಅದಕ್ಕಿಲ್ಲ.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಿಷಿಕೇಶ್ ನಾರಾಯಣನ್ ಅವರು ರಾಹುಲ್ ಕುಮಾರ್ ರಾಥೋರ್ ಅವರೊಡನೆ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವು ಇದೇ ತತ್ತ್ವವನ್ನು ಒಂದೇ ನರಕೋಶದೊಳಗೆ ಪರಿಶೀಲಿಸಿತು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದ ನರಕೋಶದ ಗಣಕ ಮಾದರಿಯಲ್ಲಿ, ಕವಲುಗಳುದ್ದಕ್ಕೂ ಇರುವ ಗುಣಗಳ ಕ್ರಮವು ಯಾವುದೇ ಒಂದು ವಾಹಿನಿಯ ಪ್ರಮಾಣ ಸ್ಥಿರವಾಗಿರದಿದ್ದರೂ ಸ್ಥಿರವಾಗಿರಬಲ್ಲದು ಎಂದು ಅದು ತೋರಿಸಿತು. ನಾರಾಯಣನ್ ಅವರಿಗೆ ೨೦೧೬ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿದೆ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕ ಒಬೈದ್ ಸಿದ್ದಿಕಿ ಅವರು ಸೀಮೋರ್ ಬೆಂಜರ್ ಅವರೊಡನೆ ೧೯೭೬ರಲ್ಲಿ, ತಾಪ ಏರಿದೊಡನೆ ನಿಶ್ಚೇಷ್ಟಿತವಾಗುವ ಹಣ್ಣುನೊಣಗಳ ಬಗ್ಗೆ ಬರೆದಿದ್ದರು. ಅವುಗಳಲ್ಲಿ ಒಂದು ಬಗೆಯ ನೊಣದ ದೋಷವಿರುವುದು ಸೋಡಿಯಂ ವಾಹಿನಿಯ ಜೀನಿನಲ್ಲಿ ಎಂದು ಮುಂದೆ ತಿಳಿಯಿತು. ಎಲ್ಲ ಕೊರತೆಯನ್ನೂ ಜಾಲವು ತುಂಬಿಕೊಳ್ಳಲಾರದು ಎಂಬುದಕ್ಕೆ ಇದೊಂದು ನಿದರ್ಶನ.

ಇದೇ ಕೇಂದ್ರದ ವತ್ಸಲಾ ತಿರುಮಲೈ ಅವರು ಮಾರ್ಡರ್ ಅವರ ಬಳಿ ಲಾಬ್‌ಸ್ಟರ್‌ನ ಜಠರಜಾಲದ ಬಗ್ಗೆ ಸಂಶೋಧನೆ ಮಾಡಿದವರು. ಮುಂದೆ ಅವರು ಪಾರದರ್ಶಕ ದೇಹದ ಜೀಬ್ರಾಮೀನಿನ ಮರಿಗಳಲ್ಲಿ ಈಜುವಿಕೆಯ ನರಜಾಲಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಕಿರುಮೆದುಳಿನ ಪರ್ಕಿಂಜೆ ಕೋಶಗಳಲ್ಲಿ ವಿದ್ಯುತ್ ಸಿನಾಪ್ಸ್‌ಗಳಿಗೆ ಬೇಕಾದ ಒಂದು ಪ್ರೋಟೀನು ಇಲ್ಲವಾದರೆ ಕವಲುಗಳ ಬೆಳವಣಿಗೆ ಮತ್ತು ರಾಸಾಯನಿಕ ಸಿನಾಪ್ಸ್‌ಗಳ ರಚನೆ ಎರಡೂ ಕುಂಠಿತವಾಗುತ್ತವೆಂದು ಅವರ ತಂಡ ೨೦೨೧ರಲ್ಲಿ ವರದಿ ಮಾಡಿತು. ೨೦೨೦ರ ಭಟ್ನಾಗರ್ ಪ್ರಶಸ್ತಿಗೆ ಅವರು ಭಾಜನರಾಗಿದ್ದಾರೆ.

ರೋಗಗಳೊಂದಿಗೆ ಸಂಬಂಧ

ನರಜಾಲದ ಸಮತೋಲ ತಪ್ಪಿದರೆ ಉಂಟಾಗುವ ತೊಂದರೆಗಳಲ್ಲಿ ಮೂರ್ಛೆರೋಗ ಪ್ರಮುಖವಾದದ್ದು. ಸಿನ್‌ಗ್ಯಾಪ್-೧ ಎಂಬ ಜೀನಿನ ದೋಷವು ಮಕ್ಕಳಲ್ಲಿ ಬುದ್ಧಿಮಾಂದ್ಯ ಮತ್ತು ಮೂರ್ಛೆಗೆ ಕಾರಣವಾಗಬಹುದು. ಇಂಥ ದೋಷವುಳ್ಳ ಇಲಿಮರಿಗಳಲ್ಲಿ ಉದ್ದೀಪಕ ಸಿನಾಪ್ಸ್‌ಗಳು ಕಾಲಕ್ಕೆ ಮುಂಚೆಯೇ ಬಲಿಯುತ್ತವೆಂದೂ, ಪ್ರಾಯಕ್ಕೆ ಬಂದ ಮೇಲೆ ಜೀನನ್ನು ಸರಿಪಡಿಸಿದರೆ ವರ್ತನೆ ಮತ್ತು ಕಲಿಕೆ ಸುಧಾರಿಸುವುದಿಲ್ಲವೆಂದೂ ೨೦೧೨ರ ಅಧ್ಯಯನವೊಂದು ತೋರಿಸಿತು. ಅದರ ಪ್ರಥಮ ಲೇಖಕ ಜೇಮ್ಸ್ ಕ್ಲೆಮೆಂಟ್ ಅವರು ಬಳಿಕ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ಜಾಲವು ರೂಪುಗೊಳ್ಳುವ ಎಳವೆಯ ಅವಧಿಯಲ್ಲಿ ಹದ ತಪ್ಪಿದರೆ ಮುಂದೆ ಸರಿಪಡಿಸುವುದು ಕಠಿಣ. ಆದ್ದರಿಂದ ಇಂಥ ತೊಂದರೆಗಳನ್ನು ಬೇಗನೆ ಗುರುತಿಸುವುದಕ್ಕೆ ಮಹತ್ತ್ವವಿದೆ.

ಇವನ್ನೂ ನೋಡಿ

ನರಕೋಶ
ಸಿನಾಪ್ಸ್
ಸಮಸ್ಥಿತಿ
ಮೂರ್ಛೆರೋಗ
ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ